ಅಳಿಸಿದ ಅಂಚಿನಲ್ಲಿ ಅಮ್ಮ

"ಅಳಿಸಿಬಿಟ್ಟಿರಾ?!"

ಅವಳ ಕೂಗಿಗೆ ಬೈಂಡರ್‌ನ ಕೈಯಲ್ಲಿದ್ದ ಅಂಟಿನ ಕುಂಚ ನೆಲಕ್ಕೆ ಬಿತ್ತು.

ಮೇಜಿನ ಮೇಲೆ ಅಮ್ಮನ ಬೈಬಲ್. ಹೊಸ ರಟ್ಟು, ಹೊಸ ಹೊಲಿಗೆ. ಆದರೆ ಕೀರ್ತನೆಗಳ ಭಾಗದಲ್ಲಿ ಪುಟದ ಅಂಚುಗಳೆಲ್ಲ ಬೋಳು ಬೋಳು! ಇಪ್ಪತ್ತು ವರ್ಷ ಅಮ್ಮ ಅಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಒಂದು ಸಾಲೂ ಉಳಿದಿರಲಿಲ್ಲ.

"ಹೊಲಿಯೋ ಮುಂಚೆ ಪೆನ್ಸಿಲ್ ಗುರುತು ರಬ್ಬರಿಂದ ಉಜ್ಜಿ ತೆಗೀತೀನಿ ಸಿಸ್ಟರ್... ಲೈಬ್ರರಿ ಪುಸ್ತಕಗಳಿಗೆ ಹಾಗೇ ಮಾಡೋದು, ಕೈಗೆ ಅದೇ ರೂಢಿ. ಕೀರ್ತನೆಗಳು ಮುಗಿದ ಮೇಲೆ ಮುಂದಿನ ಪುಟದಲ್ಲಿ 'ಮಗಳಿಗೆ ಜ್ವರ' ಅಂತ ಕಣ್ಣಿಗೆ ಬಿತ್ತು. ಅಲ್ಲಿಗೇ ನಿಲ್ಲಿಸಿದೆ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

"ನಿಮಗದು ಕೊಳೆ! ನನಗೆ ಅಮ್ಮ!"

ಅವಳು ನರ್ಸ್. ರಕ್ತ ಕಂಡು ಹೆದರಿದವಳಲ್ಲ. ಆದರೆ ಅಮ್ಮ ತೀರಿಕೊಂಡ ಈ ಮೂರು ತಿಂಗಳಿಂದ ಒಂದೇ ಭಯ ಅವಳನ್ನು ತಿನ್ನುತ್ತಿತ್ತು. ಅಮ್ಮನ ದನಿ ಆಗಲೇ ಮಸುಕಾಗುತ್ತಿದೆ. ನಾಳೆ ಮುಖವೂ ಮರೆತುಹೋದರೆ? ಆ ಸಾಲುಗಳನ್ನು ಓದುವಾಗ ಮಾತ್ರ ಅಮ್ಮ ಪಕ್ಕದಲ್ಲೇ ಕೂತು ಪ್ರಾರ್ಥಿಸಿದಂತಾಗುತ್ತಿತ್ತು. ಕರ್ತನೇ, ಅಮ್ಮನನ್ನು ಎರಡನೇ ಸಲ ಹೂಳಬೇಕೇ?

ಬೈಂಡರ್ ಮೇಜಿನ ದೀಪವನ್ನು ಬಗ್ಗಿಸಿ ಹಾಳೆಯ ಮೇಲೆ ಓರೆಯಾಗಿ ಬೆಳಕು ಬೀಳಿಸಿದ.

"ಪೆನ್ಸಿಲ್ ಒತ್ತಿದ ಗೆರೆ ಹಾಳೇಲಿ ಉಳಿದಿರುತ್ತೆ. ಆದ್ರೆ ಏನು ಬರೆದಿತ್ತು ಅಂತ ಗೊತ್ತಿಲ್ದೆ ಓದೋಕಾಗಲ್ಲ. ನೀವು ಹೇಳಿ, ನಾನು ಹುಡುಕ್ತೀನಿ."

"ನನಗೇ ನೆನಪಿಲ್ಲದಿದ್ರೆ?"

"ಹೆದರಿಕೊಂಡೇ ಹೇಳಿ, ಪರವಾಗಿಲ್ಲ."

ಇಪ್ಪತ್ತಮೂರನೇ ಕೀರ್ತನೆ. ಅವಳು ಕಣ್ಣು ಮುಚ್ಚಿದಳು. ಏನೂ ಇಲ್ಲ... ಬರೀ ಕತ್ತಲು! ಆಮೇಲೆ ಅಮ್ಮನ ಒದ್ದೆ ಕೈ ಹಣೆ ಮುಟ್ಟಿದ ಹಾಗಾಯಿತು.

"'ಜ್ವರದಲ್ಲೂ ಇವಳು ನನ್ನ ಕೈ ಬಿಡಲಿಲ್ಲ. ಕುರುಬನಾದ ಕರ್ತನೇ, ನೀನೂ ಬಿಡಬೇಡ.'"

"ಇದೆ... ಇಲ್ಲೇ ಇದೆ!" ಅವನು ಪೆನ್ಸಿಲ್ ಚೂಪು ಮಾಡಿ ಅವಳ ಕೈಗಿತ್ತ. "ಆ ಗೆರೆ ಮೇಲೇ ಬರೀರಿ."

ಅಂದಿನಿಂದ ದಿನವೂ ಡ್ಯೂಟಿ ಮುಗಿಸಿ ಬಂದಳು. ಬೈಯುತ್ತ ಬರುತ್ತಿದ್ದವಳು ನಗುತ್ತ ಹೋಗತೊಡಗಿದಳು.

"ಸಾರಿಗೆ ಉಪ್ಪು ಮರೆತಿದ್ದಕ್ಕೂ ದೇವರ ಹತ್ರ ಕ್ಷಮೆ ಕೇಳಿದಾರಲ್ರೀ!" ಎಂದು ಅವನೂ ನಕ್ಕ.

ಎರಡನೇ ವಾರ ಕೊನೆಯ ಕೀರ್ತನೆಗೆ ಬಂದರು. ಅವಳು ಖಾಲಿ ಅಂಚನ್ನೇ ನೋಡಿದಳು.

"ಗೊತ್ತಿಲ್ಲ... ಮರೆತುಬಿಟ್ಟೆ! ನೋಡಿ, ಶುರುವಾಯ್ತು!"

"ಇಲ್ಲ. ಇದನ್ನ ನೀವು ಓದೇ ಇಲ್ಲ. ಔಷಧಿ ಚೆಲ್ಲಿ ಈ ಹಾಳೆ ಪಕ್ಕದ್ದಕ್ಕೆ ಅಂಟಿಕೊಂಡಿತ್ತು, ಹಳೇ ಹೊಲಿಗೆ ಬಿಚ್ಚೋವಾಗ ನಾನೇ ಬಿಡಿಸಿದ್ದು. ಮೇಲೆ 'ಆಸ್ಪತ್ರೆ' ಅಂತಿದೆ. ತುಂಬಾ ಒತ್ತಿ ಬರೆದಿದಾರೆ, ಪೂರ್ತಿ ಕಾಣ್ತಿದೆ." ಅವನು ತಡೆದು ತಡೆದು ಓದಿದ. "'ಕರ್ತನೇ, ನಿನ್ನ ಹತ್ತಿರ ಬರಲು ನನಗೆ ಭಯವಿಲ್ಲ. ಇವಳಿಗಿದೆ. ನನ್ನ ಕಥೆಗಳನ್ನು ಕೇಳುವವರೊಬ್ಬರನ್ನು ಇವಳಿಗೆ ಕೊಡು.'"

ಮೂರು ತಿಂಗಳಲ್ಲಿ ಮೊದಲ ಸಲ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಸಿಸ್ಟರ್..."

"ಮೊದಲು ಹಾಗೆ ಕರೆಯೋದು ನಿಲ್ಲಿಸಿ!"

ಅವನ ಕಿವಿ ಕೆಂಪಾಯಿತು. "ನನಗೂ ಭಯ ಆಗ್ತಿದೆ. ಪುಸ್ತಕ ಮುಗೀತು... ನಾಳೆ ನೀವು ಬರಲ್ವೇನೋ ಅಂತ. ಜೀವನಪೂರ್ತಿ ಕೇಳ್ತೀನಿ. ಹೇಳ್ತೀರಾ?"

"ಮತ್ತೆ ಅಮ್ಮನ ಮುಖ ಮಸುಕಾದ್ರೆ?"

"ದೀಪ ನಾನು ಹಿಡೀತೀನಿ."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹಾಗಾದ್ರೆ ಮೊದಲು ಆ ರಬ್ಬರ್ ಬಿಸಾಕಿ!"