ನಿಧಾನಿಸಿದ ಕುಂಬಿಯಾ

ಆ ಹಾಡು ಕಟ್ಟಿದವನು ಎವಾರಿಸ್ತೊ. ಮೊಂತೆರ್ರೇಯ ಗುಡ್ಡದ ಕೇರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅಕಾರ್ಡಿಯನ್ ನುಡಿಸಿ ಹಾಡುತ್ತಿದ್ದವನು ಅವನ ಗೆಳೆಯ ಕ್ರಿಸ್ಪಿನ್. ಕ್ಯಾಸೆಟ್ ಮೇಲೆ ಇಬ್ಬರ ಹೆಸರೂ ಹಾಕು ಎಂದಾಗ ಕ್ರಿಸ್ಪಿನ್ ನಕ್ಕುಬಿಟ್ಟಿದ್ದ: "ನಿನ್ ಹೆಸ್ರು ನೋಡಿ ಯಾರು ಕುಣೀತಾರೋ, ಕಂಪಾದ್ರೆ?"

ಸಂತ ಹ್ವಾನನ ಹಬ್ಬದ ದಿನ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಮುಗಿಸಿದ ಅರ್ಧ ಗಂಟೆಗೆ, ಕ್ರಿಸ್ಪಿನ್ ಆ ಮನೆ ಮುಂದಿನ ಕಡಿದಾದ ಮೆಟ್ಟಿಲಿನಿಂದ ಬಿದ್ದು ಸತ್ತ. ತಳ್ಳಿದ್ದು ಎವಾರಿಸ್ತೊ. ಕ್ಯಾಸೆಟ್ಟನ್ನು ಜೇಬಿಗಿಳಿಸಿ ಹಿಂದಿನ ಓಣಿಯಲ್ಲಿ ಇಳಿದುಹೋದ. ಇಡೀ ದಿನ ದೂರದ ಸಾಲ್ತಿಯೊ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದು ಪೊಲೀಸರಿಗೆ ಹೇಳಿದ, ಅಕ್ಕನೂ ಹೌದೆಂದಳು. ಕುಡಿದು ಕಾಲು ಜಾರಿರಬೇಕು ಎಂದು ಕೇರಿ ನಂಬಿತು.

ಉಳಿದದ್ದು ದನಿಯೊಂದೇ. ಅದಕ್ಕೂ ಉಪಾಯವಿತ್ತು. ಕೇರಿಯವರಿಗೆ ಕುಂಬಿಯಾ ಎಂಬ ಈ ಕುಣಿತದ ಹಾಡು ನಿಧಾನವಾದಷ್ಟೂ ಇಷ್ಟ. ಟೇಪ್ ರೆಕಾರ್ಡರಿನ ಮೋಟರಿನ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಕ್ರಿಸ್ಪಿನ್‌ನ ತೆಳು ಗಂಟಲು ಹೆತ್ತವಳಿಗೂ ಗುರುತು ಸಿಗದಷ್ಟು ದಪ್ಪವಾಗುತ್ತದೆ. ಆಮೇಲೆ ಹಾಡಿದವನು ನಾನೇ ಎಂದರೆ ಅಲ್ಲವೆನ್ನುವವರು ಯಾರು?

ತಿರುಪು ತಿರುಗಿಸಿ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸತೊಡಗಿದ. ಮೊದಲ ಚರಣವೂ ಮುಗಿದಿರಲಿಲ್ಲ. ಸತ್ತವನು ನೆಲದಡಿಯಿಂದ, ಯಾವ ಅವಸರವೂ ಇಲ್ಲದೆ, ಹಾಡುತ್ತಿದ್ದ. ಎವಾರಿಸ್ತೊ ಎದ್ದು ಅಂಗಳಕ್ಕೆ ಹೋದ. ಯಂತ್ರ ಟಕ್ಕೆಂದು ನಿಂತ ಮೇಲಷ್ಟೇ ಒಳಬಂದ. ಅದನ್ನು ಮತ್ತೊಮ್ಮೆ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಭಾನುವಾರ ಮಧ್ಯಾಹ್ನದ ಕುಣಿತಕ್ಕೆ ಕೇರಿಗೆ ಕೇರಿಯೇ ಸೇರಿತ್ತು. ಕ್ರಿಸ್ಪಿನ್‌ನ ತಾಯಿ ದೋನ್ಯಾ ಪೆತ್ರಾ ಕಪ್ಪು ಶಾಲು ಹೊದ್ದು ಕೂತಿದ್ದಳು. ಹಾಡು ಶುರುವಾಯಿತು.

"ಇದು ನಿನ್ ಗಂಟ್ಲೇನೋ? ಗೂಳಿ ನುಂಗಿದ್ಯಾ?" ಎಂದು ಬೇಕರಿಯವನು ಕಿಚಾಯಿಸಿದ.

"ನಂದೇ ಕಣೋ, ಕುಣಿ ಸುಮ್ನೆ!"

ದೋನ್ಯಾ ಪೆತ್ರಾ ಅವನ ಕೈ ಹಿಡಿದಳು. "ಚೆನ್ನಾಗ್ ಹಾಡಿದ್ಯಪ್ಪಾ. ನನ್ ಮಗ ಇದ್ದಿದ್ರೆ ಕುಣಿದುಬಿಡ್ತಿದ್ದ." ತಾಯಿಗೇ ಗೊತ್ತಾಗಲಿಲ್ಲ! ಎವಾರಿಸ್ತೊನಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಯಿತು.

ಅಕಾರ್ಡಿಯನ್ನಿನ ಕೊನೆಯ ಎಳೆತದ ಮೇಲೆ ಕ್ರಿಸ್ಪಿನ್ ಒಂದೇ ಉಸಿರಿನಲ್ಲಿ ಏನೋ ಬಡಬಡಿಸಿದ್ದ. ಹಾಡಿದ ವೇಗದಲ್ಲಿ ಅದು ಗಿಲಕಿಯ ಸದ್ದಿನಂತೆ ಸರಿದುಹೋಗಿತ್ತು. ಆಗ ಅಲ್ಲೇ ಇದ್ದ ಎವಾರಿಸ್ತೊನಿಗೂ ಒಂದಕ್ಷರ ತಿಳಿದಿರಲಿಲ್ಲ. ಈಗ ಒಂದೊಂದೇ ಮಾತು ಬಿಡಿಬಿಡಿಯಾಗಿ ಸ್ಪೀಕರಿನಿಂದ ಇಳಿದು ಬಂತು: "ಇವತ್ತು ಸಂತ ಹ್ವಾನನ ಹಬ್ಬ... ಹಾಡಿದ್ದು ಕ್ರಿಸ್ಪಿನ್... ನಮ್ಮಮ್ಮ ಪೆತ್ರಾಗೆ ಒಂದು ನಮಸ್ಕಾರ... ಇನ್ನೊಂದು, ಈ ಹಾಡು ಕಟ್ಟಿದ ನಮ್ ಎವಾರಿಸ್ತೊಗೆ... ನೋಡಿ, ಬಿಯರ್ ಹಿಡ್ಕೊಂಡು ಈಗ್ತಾನೇ ಬಾಗ್ಲಲ್ಲಿ ಬಂದ್ ನಿಂತವ್ನೆ."