ಐದು ಫ್ರೇಮ್‌ಗಳಷ್ಟು ತಡ

"ಇದನ್ನ ಮುಟ್ಟಿದ್ದು ಯಾರು?"

ಅಂಗೈ ಅಗಲದ ಗೇಮ್ ಯಂತ್ರವನ್ನು ಕೌಂಟರಿನ ಗಾಜಿನ ಮೇಲಿಟ್ಟು ಅವಳು ಕೇಳಿದಳು. ರಿಪೇರಿ ಅಂಗಡಿಯ ಮಾಲೀಕರು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಒಳಗಿನ ಮೇಜಿನ ಕಡೆ ಕೈ ತೋರಿಸಿದರು.

"ಅಲ್ಲಿ ಕೂತಿದ್ದಾನಲ್ಲ, ನಮ್ಮ ನಿಧಾನಿ. ಅವನನ್ನೇ ಕೇಳಿ."

ನಿಧಾನಿ ಎಂದು ಕರೆಸಿಕೊಂಡವನು ಭೂತಗನ್ನಡಿಯನ್ನು ಹಣೆಗೇರಿಸಿ ತಲೆ ಎತ್ತಿದ. ಜಗಳಕ್ಕೆಂದು ಬಂದಾಗ ಎದುರಿಗಿರುವವನ ಕಣ್ಣು ಅಷ್ಟು ಸೌಮ್ಯವಾಗಿರಬಾರದು, ಅದು ಅನ್ಯಾಯ. ಅವಳು ಕಣ್ಣು ತಪ್ಪಿಸಿ ಯಂತ್ರವನ್ನೇ ನೋಡುತ್ತ ಮಾತಾಡಿದಳು.

"ಚಾರ್ಜಿಂಗ್ ಪೋರ್ಟ್ ಮಾತ್ರ ಸರಿ ಮಾಡಿ ಅಂದಿದ್ದೆ. ಬೇರೆ ಏನು ಮಾಡಿದ್ರಿ?"

ಉತ್ತರ ಬರಲಿಲ್ಲ. ಒಂದು ಉಸಿರು, ಎರಡು, ಮೂರು...

"ಪರೀಕ್ಷೆ ಮಾಡೋಕೆ ಆಟ ಹಾಕಿದೆ. ಬಟನ್ ಒತ್ತಿದ ಮೇಲೆ ಬೊಂಬೆ ಹಾರೋದು ತಡ ಆಗ್ತಿತ್ತು. ಆ ತಡ ತೆಗೆದುಹಾಕಿದೆ. ಈಗ ಮೊದಲಿಗಿಂತ ಚೆನ್ನಾಗಿದೆ."

"ಚೆನ್ನಾಗಿದೆಯಾ? ಹಾಗಿದ್ರೆ ಆಟದಲ್ಲಿ ನಮ್ಮಪ್ಪ ನಾಲ್ಕು ದಿನದಿಂದ ಯಾಕೆ ಬೀಳ್ತಿದ್ದಾರೆ?"

ಮಾತು ಬಾಯಿಂದ ಬಿದ್ದ ಮೇಲೆ ಉತ್ತರ ಅವಳಿಗೇ ಹೊಳೆಯಿತು. ಯಂತ್ರ ಸರಿಯಾಗಿದೆ ಎಂದಾದರೆ... ಕೆಟ್ಟಿರುವುದು ಅಪ್ಪನ ಕೈ.

ಅವಳ ಅಪ್ಪ ಕಟಿಂಗ್ ಮಾಸ್ಟರು. ಮೂವತ್ತು ವರ್ಷ ಕೋಟಿನ ಬಟ್ಟೆಗೆ ಕತ್ತರಿ ಹಾಕಿದ ಬಲಗೈ, ಕಳೆದ ವರ್ಷ ಲಕ್ವ ಹೊಡೆದು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತು. "ಹೆಬ್ಬೆರಳಿಗೆ ಕೆಲಸ ಕೊಡಿ" ಎಂದರು ಡಾಕ್ಟರು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಅವರಿಗೆ ಬೇಜಾರಾಗಿತ್ತು. ಆಗ ಅವಳು ತಂದದ್ದು ಈ ಯಂತ್ರ. ಅವಳು ಚಿಕ್ಕವಳಿದ್ದಾಗ ಟಿವಿಗೆ ಗೇಮ್ ಪೆಟ್ಟಿಗೆ ಸಿಕ್ಕಿಸಿ ಅಪ್ಪ ಮಗಳು ಆಡುತ್ತಿದ್ದ ಗೇಮುಗಳೆಲ್ಲ ಇದರೊಳಗಿದ್ದವು. ಆ ಹಳೇ ಪೆಟ್ಟಿಗೆಯಂತೆಯೇ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಅವನ್ನು ಓಡಿಸುತ್ತಿತ್ತು.

ಒಂದು ಆಟದಲ್ಲಿ ಮುರಿದ ಸೇತುವೆಯಿತ್ತು. ಲಾಟೀನು ಹಿಡಿದ ಬೊಂಬೆ ಅದರ ತುದಿಯಿಂದ ಹಾರಿ ಆಚೆ ದಾಟಬೇಕು. ಎಂಟು ತಿಂಗಳು ಬಿದ್ದೂ ಎದ್ದೂ ಮಾಸ್ಟರು ಅದನ್ನು ದಿನವೂ ದಾಟತೊಡಗಿದರು. ಆ ಧೈರ್ಯದಲ್ಲೇ ಹಳೇ ಗಿರಾಕಿಯೊಬ್ಬರ ಕೋಟಿನ ಬಟ್ಟೆಯನ್ನು ಒಪ್ಪಿಕೊಂಡಿದ್ದರು.

ರಿಪೇರಿಯಾಗಿ ಬಂದಾಗಿನಿಂದ ಬೊಂಬೆ ಪ್ರತಿ ಸಲವೂ ಹಳ್ಳಕ್ಕೆ. ನಿನ್ನೆ ಅವರು ಯಂತ್ರವನ್ನು ಕತ್ತರಿಯ ಡ್ರಾಯರಿನಲ್ಲೇ ಹಾಕಿ ಮುಚ್ಚಿದ್ದರು.

"ಕೈ ಮತ್ತೆ ಹೋಗ್ತಾ ಇದೆ ಮಗಳೇ. ಶನಿವಾರ ಅವರು ಬಂದಾಗ ಬಟ್ಟೆ ವಾಪಸ್ ಕೊಟ್ಟುಬಿಡೋಣ."

ಇವತ್ತು ಗುರುವಾರ. ಡಾಕ್ಟರು ಸಿಗುವುದು ಸೋಮವಾರ.

"ಅವರು ಆಡೋದನ್ನ ನಾನೊಮ್ಮೆ ನೋಡಬಹುದಾ?" ನಿಧಾನಿ ಕೇಳಿದ.

ಬೇಡ ಎನ್ನಲು ಬಾಯಿ ತೆರೆದವಳು, ಯಾಕೋ ಮನೆಯ ಗುರುತು ಹೇಳಿದಳು.

ಸಂಜೆ ಬಂದವನು ಅಳತೆಯ ಪುಸ್ತಕಗಳ ಮೇಲೆ ತನ್ನ ಫೋನನ್ನು ಓರೆಯಾಗಿ ನಿಲ್ಲಿಸಿ, ಮಾಸ್ಟರ ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರೀಕರಿಸತೊಡಗಿದ.

"ಇನ್ನೊಮ್ಮೆ ಆಡಿ ಸರ್."

ಬೊಂಬೆ ಬಿತ್ತು.

"ಇನ್ನೊಮ್ಮೆ."

ಹೊಲಿಗೆ ಯಂತ್ರಕ್ಕೆ ಆನಿಕೊಂಡು ಅವಳು ತುಟಿ ಕಚ್ಚಿ ನಿಂತಳು. ಹತ್ತು ಸಲ, ಹದಿನೈದು ಸಲ. ಅಪ್ಪನ ಹಣೆಯಲ್ಲಿ ಬೆವರು. ಇಪ್ಪತ್ತನೆಯ ಸಲ ಬಿದ್ದಾಗ ಅವರು ತಲೆ ತಗ್ಗಿಸಿಬಿಟ್ಟರು. ಅವಳಿಂದ ಅದನ್ನು ನೋಡಲಾಗಲಿಲ್ಲ.

"ಅವರು ಬೀಳೋದನ್ನ ಇನ್ನೂ ಎಷ್ಟು ಸಲ ನೋಡಬೇಕು ನಿಮಗೆ? ಏಳಿ. ಹೊರಡಿ."

ಅವನು ಅವಳ ಮುಖ ನೋಡಿದ. ಒಂದು ಉಸಿರು, ಎರಡು... ಮೂರನೆಯದಕ್ಕೆ ಅವಳು ಕಾಯಲಿಲ್ಲ, ಬಾಗಿಲು ತೆರೆದಳು. ಅವನು ಹೊರಟ. ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಒಂದು ಕ್ಷಣ ನಿಂತಿತು.

'ಏನಾದ್ರೂ ಹೇಳಬಾರದಾ... ಒಂದೇ ಒಂದು ಮಾತು' ಎಂದು ಬಾಗಿಲ ಹಿಂದೆ ಅವಳ ಮನಸ್ಸು ಬೇಡಿತು. ಹೆಜ್ಜೆಗಳು ಕೆಳಗಿಳಿದುಹೋದವು.

ಬೆಳಗ್ಗೆ ಅಪ್ಪ ನೀರಿನ ಲೋಟ ಎತ್ತುವುದನ್ನು ಅವಳು ಕದ್ದು ನೋಡಿದಳು. ನಡುಗಿತೇ? ಇಲ್ಲ. ಇಲ್ಲ, ಸ್ವಲ್ಪ ನಡುಗಿತಲ್ಲ... ಅವಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು. ಕೆಲಸಕ್ಕೆ ಹೊರಡುವಾಗ ಎರಡು ಸಲ ಬಾಗಿಲಿನಿಂದ ಹಿಂದಿರುಗಿದಳು.

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ, ಚೌಕಟ್ಟಿಗೆ ಗಾಜು ಕೂರಿಸುವುದು. ಬಾಗಿಲು ತೆಗೆಯುತ್ತಿದ್ದಂತೆ ಮೊನ್ನೆಯಷ್ಟೇ ಕನ್ನಡಕ ಒಯ್ದಿದ್ದ ಅಜ್ಜಿಯೊಬ್ಬರು ಬಂದು ಅದನ್ನು ಮೇಜಿನ ಮೇಲೆ ಕುಕ್ಕಿದರು.

"ಇದು ಬೇಡಮ್ಮ. ನೆಲ ಓರೆ ಕಾಣತ್ತೆ, ಮೆಟ್ಟಿಲು ತಪ್ಪುತ್ತೆ. ಹಳೇದೇ ಚೆನ್ನಾಗಿತ್ತು."

ದಿನಕ್ಕೆ ನಾಲ್ಕು ಸಲ ಹೇಳುವ ಪಾಠವನ್ನು ಅವಳು ಒಪ್ಪಿಸಿದಳು. "ಅಜ್ಜಿ, ನಂಬರ್ ಸರಿಯಾಗೇ ಇದೆ. ಇಷ್ಟು ದಿನ ತಪ್ಪು ಗಾಜಿಗೆ ನಿಮ್ಮ ಕಣ್ಣು ಹೊಂದಿಕೊಂಡಿತ್ತು. ಎರಡು ದಿನ ಹಾಕ್ಕೊಳ್ಳಿ, ಸರಿಹೋಗುತ್ತೆ."

"ನಾನು ಹೇಳೋಕೆ ಬಂದಿದ್ದನ್ನ ನೀವೇ ಹೇಳಿಬಿಟ್ರಿ."

ಅಜ್ಜಿಯ ಹಿಂದೆ ನಿಧಾನಿ ನಿಂತಿದ್ದ. ಅವಳ ಅಪ್ಪನಿಂದ ಅಂಗಡಿಯ ಗುರುತು ಕೇಳಿಕೊಂಡು ಬಂದಿದ್ದ. ಅವಳ ಸಿಟ್ಟು ಏಳುವ ಮೊದಲೇ ಅವನೊಂದು ಹಾಳೆ ಬಿಡಿಸಿದ. ಪೆನ್ಸಿಲಿನ ಇಪ್ಪತ್ತು ಚುಕ್ಕೆ. ಹದಿನೆಂಟು ಒಂದೇ ಗೆರೆಯ ಮೇಲೆ, ಎರಡು ಅದಕ್ಕೆ ಅಂಟಿಕೊಂಡು.

"ಏನಿದು?"

"ನಿಮ್ಮಪ್ಪ ಬಟನ್ ಒತ್ತಿದ ಹೊತ್ತು. ಪರದೆ ಮೇಲೆ ಒಂದು ಸೆಕೆಂಡಿಗೆ ಅರವತ್ತು ಚಿತ್ರ ಬರುತ್ತೆ, ನಾವು ಫ್ರೇಮ್ ಅಂತೀವಿ. ಅವರು ಹೆಚ್ಚುಕಮ್ಮಿ ಪ್ರತಿ ಸಲ ಐದು ಫ್ರೇಮ್ ಮೊದಲೇ ಒತ್ತುತ್ತಾರೆ. ನಾನು ತೆಗೆದುಹಾಕಿದ ತಡವೂ ಐದೇ ಫ್ರೇಮ್."

ಅವಳು ಚುಕ್ಕೆಗಳನ್ನೇ ನೋಡುತ್ತಿದ್ದಳು.

"ಕೈ ಕೆಟ್ಟಿದ್ರೆ ಒಮ್ಮೆ ಮೊದಲು, ಒಮ್ಮೆ ತಡ, ಚೆಲ್ಲಾಪಿಲ್ಲಿ ಆಗಬೇಕಿತ್ತು. ಎಂಟು ತಿಂಗಳು ಆ ತಡಕ್ಕೆ ಹೊಂದಿಕೊಂಡು, ಮುಂಚಿತವಾಗಿ ಒತ್ತೋದನ್ನ ಅವರ ಹೆಬ್ಬೆರಳು ಕಲಿತಿದೆ. ಅವರ ಕೈ ನನ್ನದಕ್ಕಿಂತ ಗಟ್ಟಿ. ನಾನೂ ನನ್ನ ಯಂತ್ರದಲ್ಲಿ ಇಪ್ಪತ್ತು ಸಲ ಆಡಿದೆ, ನೋಡಿ."

ಹಾಳೆಯ ಹಿಂಬದಿಯಲ್ಲಿ ಚುಕ್ಕೆಗಳು ಕೋಳಿ ಕೆದಕಿದಂತೆ ಹರಡಿದ್ದವು.

ದಿನವೂ ಊರಿಗೆಲ್ಲ ಹೇಳುವ ಮಾತು ತನ್ನ ಅಪ್ಪನ ವಿಷಯದಲ್ಲಿ ತನಗೇ ಹೊಳೆಯಲಿಲ್ಲವಲ್ಲ... ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಗಾಜು ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

"ನಿನ್ನೆಯೇ ಯಾಕೆ ಹೇಳಲಿಲ್ಲ?"

ಮೂರು ಉಸಿರು. "ನಿನ್ನೆ ಬರೀ ಅನುಮಾನ ಇತ್ತು. ಅದನ್ನ ನಂಬಿ ನಿಮಗೆ ಆಸೆ ಹುಟ್ಟಿಸಿ, ಆಮೇಲೆ ಸುಳ್ಳಾದ್ರೆ? ತಪ್ಪು ನಂದು. ಕೇಳದೆ ಮುಟ್ಟಬಾರದಿತ್ತು."

"ಯಾಕಮ್ಮ ಅಳ್ತೀಯ?" ಅಜ್ಜಿ ಇಣುಕಿದರು. "ನಿನಗೂ ಹೊಸ ಕನ್ನಡಕವಾ?"

ಅಂದು ಸಂಜೆ ನಿಧಾನಿ ಹಳೇ ತಡವನ್ನು ಮರಳಿ ಹಾಕಿಕೊಟ್ಟ. ಮಾಸ್ಟರು ಒಲ್ಲದ ಮನಸ್ಸಿನಿಂದ ಒತ್ತಿದರು. ಬೊಂಬೆ ದಾಟಿತು. ಮತ್ತೊಮ್ಮೆ ಒತ್ತಿದರು, ಮತ್ತೆ ದಾಟಿತು. ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ಕೈ ಹೋಗಿಲ್ಲ."

"ಹೋಗಿಲ್ಲ ಅಪ್ಪ."

ಮಾಸ್ಟರು ಯಂತ್ರವನ್ನು ಅವನ ಕಡೆ ಚಾಚಿದರು. "ಆ ಇನ್ನೊಂದು ಇದೆಯಲ್ಲ, ಸರಿಯಾದ್ದು. ಅದನ್ನೇ ಹಾಕಪ್ಪ. ಕತ್ತರಿ ನನಗೋಸ್ಕರ ತಡ ಮಾಡಲ್ಲ."

"ಒಂದೇ ಸಲಕ್ಕೆ ಬೇಡ ಸರ್. ಎರಡು ದಿನಕ್ಕೆ ಒಂದು ಫ್ರೇಮ್ ಕಡಿಮೆ ಮಾಡ್ತಾ ಬರೋಣ. ಹತ್ತು ದಿನ ಸಾಕು."

ಶನಿವಾರ ಬಂದ ಗಿರಾಕಿಗೆ ಮಾಸ್ಟರು ಬಟ್ಟೆ ಹಿಂದಿರುಗಿಸಲಿಲ್ಲ, ಹತ್ತು ದಿನ ಕೇಳಿದರು. ಸೋಮವಾರ ಡಾಕ್ಟರೂ ಕೈ ನೋಡಿ, ಹೆದರುವಂಥದ್ದು ಏನಿಲ್ಲ ಎಂದರು.

ನಿಧಾನಿ ದಿನವೂ ಸಂಜೆ ಬಂದ. ಬಂದು, ಒಂದು ಸಂಖ್ಯೆ ಬದಲಿಸಲು ಅರ್ಧ ನಿಮಿಷ ಬೇಕಿದ್ದ ಕಡೆ ಒಂದು ಗಂಟೆ ಕೂತ. ಅದೂ ಎರಡು ದಿನಕ್ಕೊಮ್ಮೆಯ ಕೆಲಸ. ಇದನ್ನು ಮಾಸ್ಟರು ಗಮನಿಸಿಯೂ ಗಮನಿಸದಂತಿದ್ದರು. ಅವಳಿಗೆ ಅವನ ಮೌನದ ಅಳತೆ ರೂಢಿಯಾಯಿತು. ಪ್ರಶ್ನೆ ಕೇಳಿ, ಮೂರು ಉಸಿರು ಕಾಯುತ್ತ ತರಕಾರಿ ಹೆಚ್ಚುತ್ತಿದ್ದಳು. ಆ ಮೂರು ಉಸಿರು ಅವಳಿಗೆ ಇಷ್ಟವಾಗತೊಡಗಿತ್ತು. ಜೊತೆಗೇ ದಿಗಿಲೂ ಇತ್ತು. ಐದು, ನಾಲ್ಕು, ಮೂರು... ಫ್ರೇಮ್ ಮುಗಿದರೆ ಅವನು ಬರಲು ಏನಿದೆ ನೆಪ?

ಹತ್ತನೆಯ ಸಂಜೆ ತಡ ಸೊನ್ನೆಗಿಳಿಯಿತು. ಮಾಸ್ಟರು ಎರಡು ಸಲ ಬಿದ್ದು, ಮೂರನೆಯ ಸಲ ದಾಟಿದರು. "ಆ ಹಳೇ ಪೆಟ್ಟಿಗೆಯಲ್ಲೂ ಹೀಗೇ ಇತ್ತು, ನೆನಪಿದೆಯಾ ಮಗಳೇ?" ಎಂದು ಡ್ರಾಯರ್ ಎಳೆದು ಕತ್ತರಿ ತೆಗೆದರು. ಮೇಜಿನ ಮೇಲೆ ಕೋಟಿನ ಬಟ್ಟೆ ಹರಡಿತು. ವರ್ಷದ ನಂತರ ಆ ಮನೆಯಲ್ಲಿ ಬಟ್ಟೆ ಕತ್ತರಿಸುವ ಸದ್ದು ಕೇಳಿತು, ನಿಧಾನವಾಗಿ, ತಡೆಯಿಲ್ಲದೆ.

ನಿಧಾನಿ ಸದ್ದಾಗದಂತೆ ಎದ್ದ. ಅವಳು ಮೆಟ್ಟಿಲವರೆಗೆ ಬಂದಳು. ಕೇಳಿಬಿಡಬೇಕು. ಕೇಳಿ, ಮೂರು ಉಸಿರು ಕಾಯಬೇಕು. ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದು.

"ನಾಳೆಯಿಂದ ನೀವು ಬರೋಕೆ ಕಾರಣ ಇಲ್ಲ, ಅಲ್..."

"ಇದೆ."

ಅವಳು ಮೆಟ್ಟಿಲು ತಪ್ಪಿದಳು. ಅವನು ಮುಂಗೈ ಹಿಡಿದು ನಿಲ್ಲಿಸಿದ.

"ಇದೇನು ಇಷ್ಟು ಬೇಗ?"

"ಹತ್ತು ದಿನದಿಂದ ಇದೊಂದು ಉತ್ತರಾನೇ ತಯಾರು ಮಾಡ್ತಿದ್ದೆ. ಕಾರಣ ನೀವು. ನನಗೆ ನಿಮ್ಮ ಮೇಲೆ ಪ್ರೀತಿ ಇದೆ."

ಅವಳ ಕಣ್ಣು ತುಂಬಿತು. "ನಿಮ್ಮ ತಡಕ್ಕೇ ನಾನು ಹೊಂದಿಕೊಂಡುಬಿಟ್ಟಿದ್ದೆ ಕಣ್ರೀ..."

"ಎರಡು ದಿನ ನೋಡಿ, ಸರಿಹೋಗುತ್ತೆ."

"ಎರಡು ದಿನ ಸಾಲಲ್ಲ. ಜನ್ಮ ಪೂರ್ತಿ ಬೇಕಾಗುತ್ತೆ."

ಹಿಡಿದ ಕೈಯನ್ನು ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ. ಒಳಗೆ ಕತ್ತರಿಯ ಸದ್ದು ನಿಂತಿತು.

"ಮಗಳೇ, ಅವನನ್ನ ಹಾಗೇ ಕಳಿಸಬೇಡ. ಅಳತೆ ತಗೋಬೇಕು. ಮುಂದಿನ ಕೋಟು ಅಳಿಯಂದಿರದು."

ಇಬ್ಬರೂ ಬೆಚ್ಚಿ ಮುಖ ಮುಖ ನೋಡಿಕೊಂಡರು.

"ನೋಡಿದ್ರಾ," ಅವನು ಪಿಸುಗುಟ್ಟಿದ. "ನಿಮ್ಮಪ್ಪ ಈಗಲೂ ಐದು ಫ್ರೇಮ್ ಮುಂದೆ."

"ಬನ್ನಿ ಒಳಗೆ," ಎಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತ. "ಇನ್ನು ತಡ ಮಾಡೋದು ಬೇಡ."