ಈಶಾನ್ಯಕ್ಕೆ ಒಂದು ಮೀಟರ್ ಎಂಬತ್ತು

ಬುಧವಾರ ಬೆಳಿಗ್ಗೆ 9.40ಕ್ಕೆ, ಮೆಲ್ಬರ್ನ್‌ನಿಂದ ವಿಮಾನದಲ್ಲಿ ಬಂದಿಳಿದ ಶ್ರೀವಿದ್ಯಾ ಸಿಡ್ನಿಯ ಠಾಣೆಯಲ್ಲಿ ದೂರು ಕೊಟ್ಟಳು. ಅವಳ ಸರ್ವೇ ಕಂಪನಿಯ ಆಂಟೆನಾ ಒಂದು ಪೆಂಡಲ್ ಹಿಲ್ ಬಡಾವಣೆಯ ಕಟ್ಟಡವೊಂದರ ಮಾಳಿಗೆಯ ಮೇಲಿತ್ತು. ಮಂಗಳವಾರ 8.10ಕ್ಕೆ ಯಾರೋ ಅದರ ಸ್ಥಾನದ ಅಂಕಿಗಳನ್ನು ತಿದ್ದಿ, 11.40ಕ್ಕೆ ಮತ್ತೆ ಸರಿಮಾಡಿದ್ದರು. ಸರ್ವರಿನಲ್ಲಿ ದಾಖಲಾಗಿದ್ದು ಆಂಟೆನಾ ನೋಡಿಕೊಳ್ಳುವ ಕಮಲಾಕ್ಷನ ಪಾಸ್‌ವರ್ಡ್.

"ಶುಕ್ರವಾರ ಅವರನ್ನ ಕೆಲಸದಿಂದ ತೆಗೀತೀವಿ. ನಿಮ್ಮ ರಿಪೋರ್ಟ್‌ಗೆ ವೇಟ್ ಮಾಡ್ತಿದೀವಿ, ಅಷ್ಟೆ."

ಡಿಟೆಕ್ಟಿವ್ ಸಾರ್ಜೆಂಟ್ ಮಹಾಶ್ವೇತಾ ಇವೆಂಟ್ ನಂಬರ್ ಬರೆದುಕೊಂಡಳು. ಧಾರವಾಡದ ಅವ್ವನಿಗೆ ಫೋನಿನಲ್ಲಿ ಹೇಳುವಾಗ ಅವಳು ಅದನ್ನು ಎಫ್‌ಐಆರ್ ಎಂದೇ ಕರೆಯುತ್ತಿದ್ದಳು.

11.15ಕ್ಕೆ ಕಾನ್ಸ್‌ಟೇಬಲ್ ಸಂಕೇತನೊಂದಿಗೆ ಮಾಳಿಗೆ ಹತ್ತಿದಳು. ಅರವತ್ತರ ಕಮಲಾಕ್ಷ ಆಂಟೆನಾದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಇದರ ಕೆಲಸ ಏನ್ರೀ?"

"ಉಪಗ್ರಹದ ಸಿಗ್ನಲ್ ವಾತಾವರಣ ದಾಟಿ ಬರುವಾಗ ಕೆಡ್ತದೆ ಮೇಡಂ. ಮೂರು ನಾಲ್ಕು ಮೀಟರ್ ತಪ್ಪು ಬರ್ತದೆ. ಈ ಆಂಟೆನಾಕ್ಕೆ ತಾನು ನಿಂತ ಜಾಗ ನಿಖರ ಗೊತ್ತುಂಟು. ಉಪಗ್ರಹ ಹೇಳಿದ್ದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಸೆಕೆಂಡಿಗೊಮ್ಮೆ ಸುತ್ತಲಿನ ಸರ್ವೇಯರ್‌ಗಳಿಗೆ ಕಳಿಸ್ತದೆ. ಅವರ ತಪ್ಪು ಎರಡು ಸೆಂಟಿಮೀಟರಿಗೆ ಇಳೀತದೆ."

"ಇದಕ್ಕ ಸುಳ್ಳು ಜಾಗ ಹೇಳಿಬಿಟ್ರ?"

"ಎಲ್ಲರೂ ಒಟ್ಟಿಗೇ ತಪ್ಪುದು."

"ನನ್ನ ಫೋನಿನ ಮ್ಯಾಪ್ ದಿನಾ ನನ್ನನ್ನ ಪಕ್ಕದ ಮನೆ ಡ್ರೈವ್‌ವೇಗೆ ಬಿಡತ್ತಲ್ಲ, ಹಾಗೆ," ಎಂದು ಸಂಕೇತ ನಕ್ಕ.

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?" ಮಹಾಶ್ವೇತಾ ಕಮಲಾಕ್ಷನನ್ನು ಕೇಳಿದಳು.

"ಸ್ಕ್ರೀನಿಗೇ ಅಂಟಿಸಿದ್ದೆ ಮಾರಾಯ್ರೆ. ಕಲಿಯಲಿಕ್ಕೆ ಬಂದ ಮಕ್ಕಳಿಗೆ ಬೇಕಲ್ಲ."

ಪಂಚನಾಮೆಯಂತೆ ಎಲ್ಲವನ್ನೂ ಅಳೆದು, ಬರೆದು, ಸಹಿ ಹಾಕಿಸಿಕೊಂಡರು. ತಿದ್ದಿದ ಅಂಕಿಗಳು ಮನಸ್ಸಿಗೆ ಬಂದಂತೆ ಹಾಕಿದವಲ್ಲ, 1994ರ ಹಳೆಯ ನಕ್ಷೆಯ ಲೆಕ್ಕದವು. ಆಸ್ಟ್ರೇಲಿಯಾದ ನೆಲ ವರ್ಷಕ್ಕೆ ಏಳು ಸೆಂಟಿಮೀಟರಿನಷ್ಟು ಈಶಾನ್ಯಕ್ಕೆ ಜಾರುತ್ತದೆ. 2020ರ ಹೊಸ ಲೆಕ್ಕಕ್ಕೂ ಹಳೆಯದಕ್ಕೂ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಅಂತರ.

ಆ ಮೂರೂವರೆ ತಾಸಿನಲ್ಲಿ ಈ ಆಂಟೆನಾವನ್ನು ನಂಬಿ ಮೂರು ಕೆಲಸ ನಡೆದಿದ್ದವು. ಒಂದು ಬೇಲಿ, ಒಂದು ಚರಂಡಿ. ಎರಡೂ ಅಷ್ಟೇ ದೂರ ಈಶಾನ್ಯಕ್ಕೆ ತಪ್ಪಿದ್ದವು. ಮೂರನೆಯದು ವೆಸ್ಟ್‌ಮೀಡ್‌ನ ಕಾರ್ ಪಾರ್ಕ್ ಕಟ್ಟಡದ ಅಡಿಪಾಯ ಎಲ್ಲಿ ಬರಬೇಕೆಂದು ಗುರುತಿಸುವ ಗೂಟಗಳ ಮರುಪರೀಕ್ಷೆ. ಅಲ್ಲಿ ಎಲ್ಲವೂ ಸರಿಯಾಗಿತ್ತು.

"ಇವರು ಬಚಾವ್ ಮೇಡಂ."

"ಅಲ್ಲೋ ಸಂಕೇತ, ತಪ್ಪು ಅಳತಿ ಹಿಡದು ಅಳದ್ರೂ ಸರಿ ಬಂದಾವಂದ್ರ, ಗೂಟಾನ ತಪ್ಪು ಅದಾವ."

ಸೋಮವಾರ ಆ ಗೂಟಗಳನ್ನು ನೆಡಿಸಿದವಳು ಸರ್ವೇಯರ್ ನಿಶ್ಮಿತಾ, ಇಪ್ಪತ್ತೊಂಬತ್ತು ವರ್ಷ, ಎಪ್ಪಿಂಗ್ ನಿವಾಸಿ. ಕೆಲಸ ಕಲಿತದ್ದು ಕಮಲಾಕ್ಷನ ಬಳಿ.

3.30ಕ್ಕೆ ವೆಸ್ಟ್‌ಮೀಡ್ ಸೈಟಿನಲ್ಲಿ ಅವಳು ಸಿಕ್ಕಳು. ಮಾತಾಡಲೇಬೇಕೆಂದಿಲ್ಲ, ಆಡಿದ್ದು ಸಾಕ್ಷ್ಯವಾಗಬಹುದು ಎಂದು ಮಹಾಶ್ವೇತಾ ಮೊದಲೇ ತಿಳಿಸಿದಳು.

"ಸೋಮವಾರ ನಿನ್ನ ಅಳತಿ ರಿಸೀವರ್ ಯಾವ ಲೆಕ್ಕದಾಗಿತ್ತು?"

"ಹಳೇದ್ರಲ್ಲಿ. ಮನೆಗೆ ಹೋದ ಮೇಲೆ ನೋಡಿದೆ."

"ಗೂಟ ಕಿತ್ತು ನೆಡೂದು ಎರಡು ತಾಸಿನ ಕೆಲಸ. ಅದನ್ನ ಮುಚ್ಚಾಕ ಆಂಟೆನಾ ತಿದ್ದೂದರ ಬದಲು ಹೇಳಬೇಕಿತ್ತಲ್ಲ?"

"ಆಂಟಿ... ಸಾರಿ, ಮೇಡಂ. ಇಲ್ಲಿ ಲೀಡ್ ಸರ್ವೇಯರ್ ಆದ ಮೊದಲ ಹುಡುಗಿ ನಾನು. ತಪ್ಪು ಮಾಡಿದ್ರೆ ಹುಡುಗರಿಗೆ ಬೈತಾರೆ. ನಂಗೆ ಬೈಯುದಿಲ್ಲ, ಪಾಪ ಅಂತಾರೆ. ಅದೊಂದು ತಡೀಲಿಕ್ಕೆ ಆಗುದಿಲ್ಲ."

"ಕಮಲಾಕ್ಷ ಅವರ ಕೆಲಸ ಹೋಗತದ, ಗೊತ್ತೇನು?"

"ಅಂಕಲ್‌ದಾ?" ನಿಶ್ಮಿತಾ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟಳು. "ಎಲ್ಲಿ ಸೈನ್ ಮಾಡ್ಬೇಕು ಹೇಳಿ."

4.05ಕ್ಕೆ ಬಂಧನವಾಯಿತು. ಕಾರಿನಲ್ಲಿ ಆ ಹುಡುಗಿ ಉದ್ದಕ್ಕೆ ಉಸಿರು ಬಿಟ್ಟಳು. ಎರಡು ದಿನ ಒಬ್ಬಳೇ ಹಿಡಿದಿಟ್ಟುಕೊಂಡಿದ್ದ ಉಸಿರದು. ಮಹಾಶ್ವೇತಾಳೂ ಒಂದು ಕಾಲಕ್ಕೆ ಠಾಣೆಯಲ್ಲಿದ್ದ ಒಬ್ಬಳೇ ಹೆಂಗಸು. ಆ 'ಪಾಪ'ದ ಭಾರ ಅವಳಿಗೆ ಗೊತ್ತಿತ್ತು. ಬೇಲ್ ಸಿಗುವ ಪ್ರಕರಣವೆಂದು ಹೇಳಿದಳು.

5.20ಕ್ಕೆ ಶ್ರೀವಿದ್ಯಾಗೆ ವರದಿ ಕಳಿಸಿ, ಕಮಲಾಕ್ಷನಿಗೆ ತಾನೇ ಫೋನ್ ಮಾಡಿದಳು. ನಿಶ್ಮಿತಾಳ ಹೆಸರು ಹೇಳುತ್ತಲೇ ಅವನು ಕೇಳಿದ.

"ಹುಡುಗಿಗೆ ಊಟ ಆಯ್ತಾ ಮೇಡಂ? ಕೆಲಸದ ದಿನ ಅವಳು ಏನೂ ತಿನ್ನುದಿಲ್ಲ."

ಮಹಾಶ್ವೇತಾ ಠಾಣೆಯ ಗಾಜಿನ ಗೋಡೆಯಾಚೆ ಕೂತಿದ್ದ ನಿಶ್ಮಿತಾಳನ್ನು ನೋಡಿದಳು.

"ಉಣ್ಣಾಕತ್ಯಾಳ್ರೀ," ಎಂದಳು. "ಎರಡನೇ ಪ್ಲೇಟು."